ಮೂಗು ಎಲ್ಲಿಗೂ ಓಡಿಹೋಗುವುದಿಲ್ಲ ತಂಗಿ

ತಂಗಿ, ನೀನು ಬರೆದದ್ದನ್ನು ಮೊಮ್ಮಗಳ ಕೈಯಲ್ಲಿ ಎರಡು ಸಲ ಓದಿಸಿಕೊಂಡೆ, ಕನ್ನಡಕ ಸಿಗಲಿಲ್ಲ. ನಿನ್ನ ಚಿಕ್ಕ ಮಗಳು ಬಸುರಿ, ನಾಲ್ಕು ತಿಂಗಳು ತುಂಬಿದೆ, ಮೂಗು ತಿದ್ದಿಸುವ ಆಪರೇಷನ್‌ಗೆ ಬಸುರಾಗುವ ಮೊದಲೇ ಮುಂಗಡ ಕಟ್ಟಿದ್ದಾಳೆ, ಬರುವ ಗುರುವಾರ ಮೈಸೂರಿಗೆ ಬರಲು ಹೇಳಿದ್ದಾರೆ, ಸೀಮಂತದ ಫೋಟೋ ಹೊತ್ತಿಗೆ ಮುಗಿದಿರಬೇಕಂತೆ, ಕಳಿಸಲೇ ಬೇಡವೇ ಅಕ್ಕ ಎಂದು ಕೇಳಿದ್ದೀಯ. ಬೇಡ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಅಂದಕ್ಕಾಗಿ ಮೈಗೆ ಕತ್ತರಿ ಹಾಕಿಸಿಕೊಳ್ಳಬಾರದು. ಅದು ಅಪ್ಪನ ಮೂಗು ಎಂದು ನಿನಗೂ ಗೊತ್ತು. ಆ ಮೂಗು ಇಟ್ಟುಕೊಂಡೇ ನಮ್ಮ ಮನೆಯ ನಾಲ್ಕು ಹೆಣ್ಣುಮಕ್ಕಳಿಗೂ ಮದುವೆಯಾಯಿತು.

ನನ್ನ ಗದ್ದದ ಮಚ್ಚೆಯ ಕಥೆ ನೀವೆಲ್ಲ ಅರ್ಧ ಕೇಳಿದ್ದೀರಿ. 1988ನೆಯ ಇಸವಿ, ಎರಡನೆಯವನು ಹೊಟ್ಟೆಯಲ್ಲಿ, ಆರನೇ ತಿಂಗಳು. ಕಬ್ಬು ಅರೆಯುವ ಕಾಲ, ನಿನ್ನ ಭಾವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಗುತ್ತಲಿನ ಓರಗಿತ್ತಿ ಬಂದವಳು, ‘ಸೀಮಂತದ ಫೋಟೋದಲ್ಲಿ ಗದ್ದದ ಮೇಲೆ ಜೀರುಂಡೆ ಕೂತ ಹಾಗೆ ಕಾಣುತ್ತದೆ’ ಎಂದಳು. ನಾನೂ ದಡ್ಡಿ. ಮಾರನೆಯ ದಿನವೇ ಒಬ್ಬ ವೈದ್ಯರ ಬಳಿ ಹೋದೆ, ಅವರ ಹೆಸರು ಈಗ ಬೇಡ. ಸೆರಗು ಸುತ್ತಿ ಹೊದ್ದಿದ್ದೆ. ಬಸುರಿಯೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂಜೆಕ್ಷನ್ ಕೊಟ್ಟು, ಹಲಗೆಯಂಥ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಐದು ನಿಮಿಷವಾಗಿರಬಹುದು, ಕಿವಿಯಲ್ಲಿ ಗುಂಯ್ ಎಂದಿತು, ಮೈಯೆಲ್ಲ ತಣ್ಣನೆ ಬೆವರು, ಮೇಲಿದ್ದ ಫ್ಯಾನು ಎರಡಾಗಿ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಅಲ್ಲಿದ್ದ ಮುದುಕಿ ಆಯಾ ಹೊಟ್ಟೆ ಮುಟ್ಟಿ ನೋಡಿ, ‘ಅಯ್ಯೋ, ಇವಳು ಬಸುರಿ’ ಎಂದು ಕೂಗಿ ಎಡ ಮಗ್ಗುಲಿಗೆ ಹೊರಳಿಸಿದಳಂತೆ. ಉಸಿರು ಬಂದಂತಾಯಿತು. ಹೆರಿಗೆಗೆ ಚೆಲುವಾಂಬಾ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: ಅಂಗಾತ ಮಲಗಿದರೆ ಗರ್ಭದ ಭಾರವೆಲ್ಲ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ, ಬಿ.ಪಿ. ಇಳಿಯುತ್ತದೆ, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ ಎಂದು. ಮಚ್ಚೆ ತೆಗೆಸಿದ ಮೇಲೆ ಎರಡು ರಾತ್ರಿ ನಿದ್ದೆಯಿಲ್ಲದೆ ಮಗು ಒದೆಯುವುದನ್ನೇ ಎಣಿಸುತ್ತ ಕುಳಿತಿದ್ದೆ. ಆ ಮಗುವೇ ನಮ್ಮ ಮನೆಯವರ ಈ ಮೊಬೈಲ್ ಗುಂಪಿಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸುವ ಮಹಾರಾಯ. ಮಚ್ಚೆ ಹೋಯಿತೇನೋ ನಿಜ. ಬಸುರಿನಲ್ಲಿ ಬಂಗು ಬರುವ ಮೈ ಅಲ್ಲವೇ, ಗಾಯದ ಕಲೆ ಕಪ್ಪಗೆ ನಿಂತುಬಿಟ್ಟಿತು. ಇವತ್ತಿಗೂ ಇದೆ, ಮಚ್ಚೆಗಿಂತ ದೊಡ್ಡದು.

ಅದಕ್ಕೇ ಇನ್ನೊಂದು ಸಲ ಹೇಳುತ್ತಿದ್ದೇನೆ, ಚಿಕ್ಕವಳಿಗೂ ಕೇಳಿಸು. ಹೊಟ್ಟೆಯಲ್ಲಿ ಮಗು ಇರುವಾಗ ಅಂದಕ್ಕಾಗಿ ಕತ್ತರಿ ಬೇಡವೇ ಬೇಡ.

ಆ ಓರಗಿತ್ತಿ ಆಮೇಲೆ ಏನೆಂದಳು ಗೊತ್ತೇ? ‘ನಾನು ತಮಾಷೆಗೆ ಹೇಳಿದೆ, ಇವಳು ಹೋಗಿ ಮಾಡಿಸಿಕೊಂಡರೆ ನಾನೇನು ಮಾಡಲಿ’ ಎಂದು ಅತ್ತೆಯ ಮುಂದೆ ಕೈ ತೊಳೆದುಕೊಂಡಳು. ಅವಳೂ ಈ ಗುಂಪಿನಲ್ಲಿದ್ದಾಳೆ, ಕೇಳಲಿ. ಸೀಮಂತಕ್ಕೆ ಅಮ್ಮ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಿಂದ ತಂದ ಗಿಳಿಹಸಿರು ಮೈಸೂರು ರೇಷ್ಮೆ ನೆನಪಿದೆಯೇ? ನಾನು ಬಾಣಂತನದಲ್ಲಿದ್ದಾಗ ಅದನ್ನು ಕೇಳಿ ಪಡೆದು ಮದ್ದೂರಿನ ಮದುವೆಗೆ ಉಟ್ಟಳು, ಸೆರಗಿನ ತುಂಬ ಸಾರು ಚೆಲ್ಲಿಕೊಂಡು ಮಡಿಸಿಟ್ಟು ಕಳಿಸಿದಳು. ಒಂದು ಮಾತು ಕ್ಷಮಿಸು ಎನ್ನಲಿಲ್ಲ. ಮೂವತ್ತು ವರ್ಷದ ಮೇಲಾಯಿತು, ಆ ಸೀರೆಯನ್ನು ನಾನು ಉಟ್ಟಿಲ್ಲ.

ಇರಲಿ, ನೀನು ಕೇಳಿದ್ದು ಬೇರೆ. ಸೊಸೆ ನರ್ಸ್ ಅಲ್ಲವೇ, ಈಗ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ. ಮೂಗಿನ ಆಪರೇಷನ್‌ಗೆ ಹೆಚ್ಚಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಬಸುರಿಗೆ ಆಗ ಹೊಟ್ಟೆಯ ಹುಳಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚು. ಸಾಲದ್ದಕ್ಕೆ ಬಸುರಿನಲ್ಲಿ ಮೂಗಿನ ಒಳಪೊರೆಯೇ ಊದಿಕೊಂಡಿರುತ್ತದೆ, ಅಳತೆ ಸರಿಯಾಗಿ ಸಿಗುವುದಿಲ್ಲ. ಅಪೆಂಡಿಕ್ಸ್‌ನಂಥದ್ದು ಬಂದರೆ ಬಸುರಿಯಾದರೂ ಆಪರೇಷನ್ ತಡಮಾಡಬಾರದು, ಆ ಮಾತು ಬೇರೆ. ಮೂಗು ಕಾಯುತ್ತದೆ. ಹೆರಿಗೆಯಾಗಿ ಆರು ತಿಂಗಳಾದರೂ ಕಳೆದು ಮೈ ಮೊದಲಿನಂತಾಗಲಿ, ಹಾಲು ಕುಡಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ ಆಮೇಲೆ ಯೋಚಿಸಲಿ.

ಇನ್ನೊಂದು, ಅವಳು ಮೊಡವೆಗೆ ಏನಾದರೂ ಮಾತ್ರೆ ನುಂಗುತ್ತಿದ್ದಾಳೆಯೇ ಕೇಳು. ಐಸೊಟ್ರೆಟಿನಾಯಿನ್ ಎಂಬುದಾದರೆ ಇವತ್ತೇ ನಿಲ್ಲಿಸಿ, ಹೆರಿಗೆ ಡಾಕ್ಟರಿಗೆ ತಕ್ಷಣ ಹೇಳಬೇಕು. ಅದು ಮಗುವಿಗೆ ಬಹಳ ಕೆಟ್ಟದ್ದು ಎನ್ನುತ್ತಾಳೆ ಸೊಸೆ. ತಾಯಿ ಕಾರ್ಡ್ ಸದಾ ಕೈಚೀಲದಲ್ಲೇ ಇರಲಿ, ಹಲ್ಲಿನ ಡಾಕ್ಟರ ಬಳಿ ಹೋದರೂ ಮೊದಲು ಅದನ್ನೇ ತೋರಿಸಲಿ.

ಕ್ಲಿನಿಕ್‌ಗೆ ಫೋನ್ ಮಾಡಿ, ಬಸುರಿ, ದಿನಾಂಕ ಮುಂದಕ್ಕೆ ಹಾಕಿ ಎಂದು ಹೇಳು, ಮೊಬೈಲ್‌ನಲ್ಲಿ ಬರೆದೂ ಕಳಿಸು. ಮುಂಗಡ ವಾಪಸು ಕೊಡುವುದಿಲ್ಲ ಎಂದು ತಕರಾರು ಮಾಡಿದರೆ ನನ್ನ ಮಗನಿಗೆ ನಂಬರ್ ಕೊಡು. ಇವತ್ತೇ ಮಾಡು, ನಾಳೆ ಭಾನುವಾರ, ಯಾರೂ ಎತ್ತುವುದಿಲ್ಲ.