ಅಮೆರಿಕದ ಗವರ್ನರ್ ಒಬ್ಬರ 'ಮನೆಖರ್ಚು ಇಳಿಸೋಣ, ಎರಡೂ ಪಕ್ಷ ಕೂಡೋಣ' ವಾದ: ರಾಯಚೂರಿನ ಚರ್ಚಾಸ್ಪರ್ಧೆಗೆ ಟಿಪ್ಪಣಿ ಬೇಕು

ಮಾನ್ವಿ_ಚರ್ಚಾಕೂಟ ಕೇಳಿದ್ದು:

ರಾಯಚೂರಿನ ಪದವಿ ವಿದ್ಯಾರ್ಥಿಗಳಿಗೆ ಚರ್ಚಾಸ್ಪರ್ಧೆ ಇದೆ. ವಿಷಯ, 'ಮನೆಖರ್ಚು ಇಳಿಸುವ ಶಕ್ತಿ ರಾಜ್ಯ ಸರ್ಕಾರಕ್ಕಿದೆಯೇ?' ಉದಾಹರಣೆಗೆ ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೊ ಅವರನ್ನು ಆರಿಸಿಕೊಂಡಿದ್ದೇವೆ. ಅವರದು ಡೆಮಾಕ್ರಟಿಕ್ ಪಕ್ಷ. 2023ರ ಜನವರಿಯಿಂದ ಅಧಿಕಾರದಲ್ಲಿದ್ದಾರೆ. ಅಲ್ಲಿನ ಕೆಳಮನೆಯಲ್ಲಿ ಅವರ ಪಕ್ಷಕ್ಕೆ 102, ರಿಪಬ್ಲಿಕನ್ನರಿಗೆ 101. ಸೆನೆಟ್‌ನಲ್ಲಿ ರಿಪಬ್ಲಿಕನ್ನರದೇ ಬಹುಮತ. ಜನರ ಖರ್ಚು ತಗ್ಗಿಸುವ ಕೆಲಸವನ್ನು ಎರಡೂ ಪಕ್ಷ ಸೇರಿ, ಅತಿಗೆ ಹೋಗದೆ ಮಾಡಬಹುದು ಎನ್ನುವುದು ಅವರ ವಾದದ ತಿರುಳು.

ಪರ, ವಿರೋಧ ಎರಡೂ ತಂಡಕ್ಕೆ ಒಂದೇ ಟಿಪ್ಪಣಿ ಹಂಚಬೇಕು, ಅದಕ್ಕೇ ತಪ್ಪು ಇರಬಾರದು. ಅವರು ಕರೆಂಟ್ ದರ ಇಳಿಸಿದರು ಎಂದು ಓದಿದೆವು, ಅದು ಹೇಗೆ? ಎದುರು ಪಕ್ಷದ ಜತೆ ಹೊಂದಾಣಿಕೆ ನಿಜಕ್ಕೂ ಆಯಿತೇ, ಎಲ್ಲಿ ಕೆಟ್ಟಿತು? ನಮ್ಮ ಜಿಲ್ಲೆಗಳ ಯಾವ ಸಂಗತಿಯನ್ನು ಅದರ ಪಕ್ಕ ಇಟ್ಟು ನೋಡಬಹುದು?

ಕೊಪ್ಪಳ_ಕಾಯ್ದೆಪುಸ್ತಕ:

ಸರ್, ಮೊದಲು ಪದ ಸರಿ ಮಾಡಿಕೊಳ್ಳಿ. ಟಿಪ್ಪಣಿಯಲ್ಲಿ 'ರಾಜ್ಯಪಾಲ' ಎಂದು ಬರೆದರೆ ಅರ್ಧ ಸಭೆ ರಾಜಭವನವನ್ನು ನೆನೆಯುತ್ತದೆ. 'ಗವರ್ನರ್' ಎಂದೇ ಬರೆಯಿರಿ. ಅಲ್ಲಿ ಅವರನ್ನು ಜನ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಆದರೆ ಸದನದಲ್ಲಿ ಬಹುಮತ ಇಲ್ಲದಿದ್ದರೂ ಕುರ್ಚಿ ಅಲುಗುವುದಿಲ್ಲ. ವಿಶ್ವಾಸಮತ ಎಂಬುದೇ ಅಲ್ಲಿಲ್ಲ. 'ಎರಡೂ ಪಕ್ಷ ಕೂಡೋಣ' ಎಂಬ ಮಾತು ಹುಟ್ಟುವುದೇ ಇಲ್ಲಿಂದ. ಎದುರು ಪಕ್ಷದ ಸೆನೆಟ್ ಒಪ್ಪದೆ ಒಂದು ಡಾಲರ್ ಖರ್ಚಿಗೂ ಮಂಜೂರಾತಿ ಸಿಗುವುದಿಲ್ಲ, ಹಾಗಾಗಿ ಕೂಡುವುದು ಅವರಿಗೆ ಅನಿವಾರ್ಯ ಕೂಡ. ವಿರೋಧ ತಂಡ ಇದನ್ನು ಎತ್ತೇ ಎತ್ತುತ್ತದೆ, ಪರ ತಂಡ ಉತ್ತರ ಸಿದ್ಧ ಮಾಡಿಕೊಂಡಿರಲಿ.

ಇನ್ನೊಂದು ದೊಡ್ಡ ವ್ಯತ್ಯಾಸ ವಿಪ್, ಅಂದರೆ ಹೀಗೇ ಮತ ಹಾಕಿ ಎಂದು ಪಕ್ಷ ತನ್ನ ಶಾಸಕರಿಗೆ ಕೊಡುವ ಆಜ್ಞೆ. ನಮ್ಮಲ್ಲಿ 1985ರ 52ನೇ ತಿದ್ದುಪಡಿಯಿಂದ ಬಂದ ಹತ್ತನೇ ಅನುಸೂಚಿ ಇದೆ. ವಿಪ್ ಮೀರಿ ಮತ ಹಾಕಿದ ಶಾಸಕನನ್ನು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಪೆನ್ಸಿಲ್ವೇನಿಯಾದಲ್ಲಿ ಆ ಭಯವಿಲ್ಲ. ಗವರ್ನರ್ ನಾಲ್ಕೈದು ಸೆನೆಟರುಗಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಅವರ ಕ್ಷೇತ್ರದ ರಸ್ತೆ, ಶಾಲೆಯ ಮಾತಾಡಿ ಒಪ್ಪಿಸಬಹುದು. 'ನಮ್ಮವರೂ ಹಾಗೆ ಕೂಡಬೇಕು' ಎಂದು ವಿದ್ಯಾರ್ಥಿಯೊಬ್ಬ ಹೇಳಿದರೆ, ಹತ್ತನೇ ಅನುಸೂಚಿಯನ್ನು ಏನು ಮಾಡುತ್ತೀ ಎಂಬ ಪ್ರಶ್ನೆಗೂ ಅವನೇ ಉತ್ತರ ಹೇಳಬೇಕು.

ಮಸೂದೆಗೆ ಅಲ್ಲಿ ಸದನ ನಡೆಯುತ್ತಿರುವಾಗ 10 ದಿನದ ಗಡುವು. ಅಷ್ಟರಲ್ಲಿ ಗವರ್ನರ್ ಸಹಿಯನ್ನೂ ಹಾಕದೆ ತಿರಸ್ಕಾರವನ್ನೂ ಮಾಡದಿದ್ದರೆ ಅದು ತಾನಾಗಿ ಕಾನೂನು. ಬಜೆಟ್ಟಿನಲ್ಲಿ ಒಂದೊಂದು ಬಾಬ್ತನ್ನು ಮಾತ್ರ ಹೊಡೆದು ಹಾಕುವ ಅಧಿಕಾರವೂ ಉಂಟು.

ಕುಡತಿನಿ_ಗ್ರಿಡ್:

ಕರೆಂಟ್ ವಿಷಯ ನಾನು ಹೇಳುತ್ತೇನೆ. 'ದರ ಇಳಿಸಿದರು' ಎಂಬ ಸಾಲನ್ನು ದಯವಿಟ್ಟು ಹೊಡೆದು ಹಾಕಿ. ಇಳಿಸಲಿಲ್ಲ. ಏರಿಕೆಗೆ ಮಿತಿ ಹಾಕಿಸಿದರು. ಎರಡೂ ಬೇರೆ ಮಾತು.

ಪೆನ್ಸಿಲ್ವೇನಿಯಾ ಸೇರಿ 13 ರಾಜ್ಯ ಮತ್ತು ವಾಷಿಂಗ್ಟನ್ ಡಿ.ಸಿ.ಗೆ ಪಿಜೆಎಂ ಎಂಬ ಒಂದೇ ಗ್ರಿಡ್ ಸಂಸ್ಥೆ. ಅದು ಯೂನಿಟ್ ಲೆಕ್ಕದ ವಿದ್ಯುತ್ತಲ್ಲದೆ 'ಸಾಮರ್ಥ್ಯ'ವನ್ನೂ ಹರಾಜಿನಲ್ಲಿ ಕೊಳ್ಳುತ್ತದೆ. ಅಂದರೆ ಬೇಡಿಕೆ ತುತ್ತತುದಿಗೆ ಹೋದ ದಿನ ಸಿದ್ಧವಾಗಿರುತ್ತೇನೆ ಎಂದು ಸ್ಥಾವರ ಕೊಡುವ ಮಾತಿಗೆ ದುಡ್ಡು. ನಮ್ಮಲ್ಲಿ ಕಲ್ಲಿದ್ದಲಿನ ಸ್ಥಾವರಗಳಾದ ಶಕ್ತಿನಗರದ ಆರ್‌ಟಿಪಿಎಸ್ 1,720, ಕುಡತಿನಿಯ ಬಿಟಿಪಿಎಸ್ 1,700, ಯರಮರಸ್ 1,600, ಒಟ್ಟು 5,020 ಮೆಗಾವ್ಯಾಟ್ ರಾಯಚೂರು, ಬಳ್ಳಾರಿ ಈ ಎರಡೇ ಜಿಲ್ಲೆಯಲ್ಲಿದೆ. ಇವುಗಳಿಗೂ ವಿದ್ಯುತ್ ಹಂಚುವ ಎಸ್ಕಾಂಗಳು ಎರಡು ಭಾಗದಲ್ಲಿ ದುಡ್ಡು ಕೊಡುತ್ತವೆ: ಘಟಕ ಸಿದ್ಧವಿದ್ದರೆ ಓಡಿಸದಿದ್ದರೂ ಸ್ಥಿರ ವೆಚ್ಚ, ಓಡಿಸಿದರೆ ಕಲ್ಲಿದ್ದಲಿನ ಲೆಕ್ಕ. ಅಲ್ಲಿ ಆ ಸ್ಥಿರ ಭಾಗವನ್ನು ಹರಾಜು ಕೂಗುತ್ತಾರೆ, ಇಲ್ಲಿ ದೀರ್ಘಾವಧಿ ಒಪ್ಪಂದ ಮತ್ತು ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆದೇಶ ನಿಗದಿ ಮಾಡುತ್ತದೆ. ಹೀಗೆ ಹೇಳಿದರೆ ಹುಡುಗರಿಗೆ ಕೂಡಲೇ ಹಿಡಿಯುತ್ತದೆ.

ಈಗ ಅಂಕಿ. 2024–25ಕ್ಕೆ ಒಂದು ಮೆಗಾವ್ಯಾಟ್‌ಗೆ ದಿನಕ್ಕೆ 28.92 ಡಾಲರ್ ಇದ್ದದ್ದು 2025–26ಕ್ಕೆ 269.92 ಆಯಿತು. ಡೇಟಾ ಸೆಂಟರುಗಳ ಬೇಡಿಕೆ, ಹಳೆ ಸ್ಥಾವರಗಳ ನಿವೃತ್ತಿ, ಹೊಸವು ಗ್ರಿಡ್‌ಗೆ ಸೇರಲು ವರ್ಷಗಟ್ಟಲೆ ಸರದಿ, ಎಲ್ಲ ಒಟ್ಟಿಗೆ ಬಂದವು. ಶಪಿರೊ 2024ರ ಡಿಸೆಂಬರ್ ಕೊನೆಗೆ ಒಕ್ಕೂಟದ ಇಂಧನ ಆಯೋಗಕ್ಕೆ ದೂರು ಕೊಟ್ಟರು. ಮುಂದಿನ ತಿಂಗಳು ಪಿಜೆಎಂ ರಾಜಿಗೆ ಬಂತು: ಮುಂದಿನ ಎರಡು ಹರಾಜಿಗೆ ಮೇಲ್ಮಿತಿ ಸುಮಾರು 325, ಕೆಳಮಿತಿ ಸುಮಾರು 175 ಡಾಲರ್. 2026–27ರ ಹರಾಜು 329.17ಕ್ಕೆ ನಿಂತಿತು, ಮಿತಿ ಇಲ್ಲದಿದ್ದರೆ 388.57. ಅದರ ಮುಂದಿನದು 333.44, ಮಿತಿ ಇಲ್ಲದಿದ್ದರೆ 529.80.

ಇದನ್ನು ಮನೆಗೆ ಇಳಿಸಿ. ಪೀಕ್ ಹೊತ್ತಿಗೆ 2 ಕಿಲೋವ್ಯಾಟ್ ಎಳೆಯುವ ಮನೆ ಅಂದರೆ 0.002 ಮೆಗಾವ್ಯಾಟ್. 365 ದಿನಕ್ಕೆ ಗುಣಿಸಿದರೆ 28.92ರ ದರದಲ್ಲಿ ವರ್ಷಕ್ಕೆ ಸುಮಾರು 21 ಡಾಲರ್, 269.92ಕ್ಕೆ 197, 333.44ಕ್ಕೆ 243, ಮಿತಿ ಇಲ್ಲದ 529.80ಕ್ಕೆ 387. ಮೀಸಲು ಸಾಮರ್ಥ್ಯ, ತಂತಿ ಬಾಡಿಗೆ ಇವೆಲ್ಲ ಇದರಲ್ಲಿಲ್ಲ, ಇದು ಬರೀ ಅಂದಾಜು. ಆದರೆ ಎರಡೂ ತಂಡಕ್ಕೆ ಬೇಕಾದ್ದು ಇದರಲ್ಲೇ ಇದೆ. ಪರ ತಂಡ 387 ಮತ್ತು 243ರ ನಡುವಿನ ಅಂತರ ತೋರಿಸಲಿ. ವಿರೋಧ ತಂಡ 21 ಎಲ್ಲಿ, 243 ಎಲ್ಲಿ ಎಂದು ಕೇಳಲಿ.

ಮಿತಿ ಎಲ್ಲಿ ಕೆಡುತ್ತದೆ ಎಂಬುದನ್ನೂ ಬರೆಯಿರಿ. ಮೇಲ್ಮಿತಿ ಬಹಳ ಕಾಲ ತೀರಾ ಕೆಳಗಿದ್ದರೆ ಹೊಸ ಸ್ಥಾವರ ಕಟ್ಟಲು ಯಾರೂ ಮುಂದೆ ಬರುವುದಿಲ್ಲ. ಕೆಳಮಿತಿ ಇಟ್ಟಿದ್ದು ಹೂಡಿಕೆದಾರರಿಗೆ ಅಷ್ಟಾದರೂ ಧೈರ್ಯ ಇರಲಿ ಎಂದು. ಆದರೂ 2025ರ ಡಿಸೆಂಬರಿನ ಹರಾಜಿನಲ್ಲಿ ಬೇಕಾದ ಮೀಸಲಿಗಿಂತ ಸುಮಾರು 6,600 ಮೆಗಾವ್ಯಾಟ್ ಕಡಿಮೆ ಬಂತು. ಬೆಲೆಯನ್ನು ಹಿಡಿದಿಡಬಹುದು, ಇಲ್ಲದ ಸ್ಥಾವರವನ್ನು ಹರಾಜಿನಿಂದ ಹುಟ್ಟಿಸಲಾಗದು.

ಗೃಹಜ್ಯೋತಿಯನ್ನು ಇದರ ಪಕ್ಕ ಇಡುವಾಗ ಎಚ್ಚರ. ಅಲ್ಲಿ ಬೆಲೆ ನಿಗದಿಯಾಗುವ ಜಾಗದಲ್ಲೇ ತಡೆ. ಇಲ್ಲಿ ಬೆಲೆ ಇದ್ದಂತೆಯೇ ಇದೆ, ಕಟ್ಟುವವರು ಬದಲಾದರು. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಪ್ರಮಾಣ ಗೊತ್ತುಮಾಡಿದರು. ಅದನ್ನು ಮೀರಿ 200 ಯೂನಿಟ್ ಒಳಗಿದ್ದರೆ ಮೀರಿದ್ದಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು ಮನೆಯವರದೇ. ಉಚಿತ ಭಾಗದ ದುಡ್ಡನ್ನು ಸರ್ಕಾರ ಜೆಸ್ಕಾಂಗೆ ತುಂಬಬೇಕು. 2003ರ ವಿದ್ಯುತ್ ಕಾಯ್ದೆಯ 65ನೇ ಕಲಂ ಪ್ರಕಾರ ಮುಂಗಡವಾಗಿ. ಅದು ತಡವಾದರೆ ಎಸ್ಕಾಂ ಸಾಲ ಎತ್ತುತ್ತದೆ, ಬಡ್ಡಿ ಸುತ್ತಿ ಬಂದು ದರದಲ್ಲೇ ಕೂರುತ್ತದೆ.

ಗಂಗಾವತಿ_ಜಮಾಖರ್ಚು:

ಮ್ಯಾಲಿನವರು ಛಲೋ ಹೇಳ್ಯಾರ. ನಾ ತೆರಿಗಿ ವಾಪಸ್ ಮತ್ತ ಬಜೆಟ್ ಮಾತು ಹೇಳ್ತೀನಿ ನೋಡ್ರಿ.

ಅವರ ಕೆಲಸದಾಗ ಗಟ್ಟಿಯಾಗಿ ನಿಂತಿದ್ದು ಮನೆ ತೆರಿಗಿ, ಬಾಡಿಗಿ ವಾಪಸ್ ಯೋಜನಾ. 65 ದಾಟಿದವರು, 50 ದಾಟಿದ ವಿಧವೆಯರು, ವಿಧುರರು, 18 ದಾಟಿದ ಅಂಗವಿಕಲರು ಇದಕ್ಕ ಅರ್ಹರು. 2023ರ ಆಗಸ್ಟ್‌ನಾಗ ಎರಡೂ ಪಕ್ಷದವರ ಮತ ಬಿದ್ದು ಇದು ದೊಡ್ಡದಾತು. ಗರಿಷ್ಠ 650 ಡಾಲರ್ ಇದ್ದದ್ದು 1,000. ಆದಾಯದ ಮಿತಿ ಸ್ವಂತ ಮನೆಯವರಿಗೆ 35,000, ಬಾಡಿಗಿಯವರಿಗೆ 15,000 ಇತ್ತು, ಇಬ್ಬರಿಗೂ 45,000 ಮಾಡಿದ್ರು. ಪೂರಾ 1,000 ಎಲ್ಲಾರಿಗೂ ಸಿಗೂದಿಲ್ಲ ಮತ್ತ. ಮೊದಲ ವರ್ಷದ ಲೆಕ್ಕ ಹಿಂಗ: ಆದಾಯ 8,000ದ ತನಕ 1,000, 15,000ದ ತನಕ 770, 18,000ದ ತನಕ 460, ಅಲ್ಲಿಂದ 45,000ದ ತನಕ 380. ಸೋಶಿಯಲ್ ಸೆಕ್ಯುರಿಟಿ ಪಿಂಚಣಿಯ ಅರ್ಧಾನೇ ಆದಾಯ ಅಂತ ಹಿಡೀತಾರ.

ನನ್ನ ಕೇಳಿದ್ರ ಈ 1,000ಕ್ಕಿಂತ ಮುಖ್ಯವಾದ ಕಲಂ ಇನ್ನೊಂದೈತಿ. ಆದಾಯದ ಮಿತಿ ವರ್ಷಾ ಹಣದುಬ್ಬರದ ಜೋಡಿ ತಾನಾ ಏರತೈತಿ. ಯಾಕಂದ್ರ 2006ರಿಂದ ಮಿತಿ ಕದಲಿರಲಿಲ್ಲ. ಪಿಂಚಣಿ ಮಾತ್ರ ಬೆಲೆ ನೋಡಿ ಏರ್ತಿತ್ತು. ಕೈಯಾಗ ಹೆಚ್ಚಿಗಿ ಏನೂ ಉಳೀದಿದ್ರೂ ಹಿರಿಯರು ಮಿತಿ ದಾಟಿ ಹೊರಗ ಬೀಳ್ತಿದ್ರು. ನಮ್ಮ ಬಿಪಿಎಲ್ ಮಿತಿ ವರ್ಷಕ್ಕ 1.2 ಲಕ್ಷ, ಅಂದ್ರ ತಿಂಗಳಿಗಿ 10,000 ರೂಪಾಯಿ. ಕೂಲಿ ಏರಿದಂಗ ಇದು ತಾನಾ ಏರೂದಿಲ್ಲ. ರಾಯಚೂರಿನ ಹುಡುಗರಿಗಿ ಇದಕ್ಕಿಂತ ಹತ್ತಿರದ ಹೋಲಿಕಿ ಸಿಗೂದಿಲ್ಲ. ಅಲ್ಲಿ ಆ ರೊಕ್ಕ ಬರೂದು ಲಾಟರಿ ನಿಧಿ ಮತ್ತ ಜೂಜುಕಟ್ಟಿ ಆದಾಯದಿಂದ. ಕರ್ನಾಟಕದಾಗ 2007ಕ್ಕ ಲಾಟರಿ ಬಂದ್ ಆಗೇತಿ, ಆಗಿದ್ದೂ ಒಳ್ಳೇದಾತು. ಅದಕ್ಕ ಆ ಮೂಲ ಇಲ್ಲಿಗಿ ತರೂ ಮಾತು ಬ್ಯಾಡ.

ಹೊಂದಾಣಿಕಿ ಕೆಟ್ಟದ್ದು ಎರಡು ಸಲ. 2023ರಾಗ ಖಾಸಗಿ ಶಾಲಿ ಫೀಸಿಗಿ 10 ಕೋಟಿ ಡಾಲರಿನ ವೋಚರ್ ಕೊಡಾಕ ಗವರ್ನರ್ ಒಲವು ತೋರಿಸಿದ್ರು. ಅದನ್ನ ನಂಬಿ ರಿಪಬ್ಲಿಕನ್ ಸೆನೆಟ್ ಬಜೆಟ್ ಪಾಸ್ ಮಾಡ್ತು. ಕೆಳಮನಿಯಾಗ ಅವರದಾ ಪಕ್ಷ ಒಪ್ಪಲಿಲ್ಲ. ಕಡೀಕ ಆಗಸ್ಟ್ 3ಕ್ಕ ಆ ಬಾಬ್ತು ತಾವಾ ಹೊಡೆದು ಬಜೆಟ್ಟಿಗಿ ಸಹಿ ಹಾಕಿದ್ರು. ಮಾತು ತಪ್ಪಿದ್ರು ಅಂತ ಸೆನೆಟ್ ಸಿಟ್ಟಾತು. ಪೂರಕ ಮಸೂದಿ ಮುಗಿಯೂದು ಡಿಸೆಂಬರ್ ಹಿಡೀತು. ಎದುರು ಪಕ್ಷಕ್ಕ ಮಾತು ಕೊಡೂ ಮೊದಲು ತಮ್ಮ ಮನಿಯಾಗಿನ 102 ಮತ ಎಣಿಸಿ ನೋಡಬೇಕಿತ್ತು.

ಎರಡನೇದು 2025. ಜುಲೈ 1ಕ್ಕ ಹೊಸ ವರ್ಷದ ಲೆಕ್ಕ ಶುರು. ಸಹಿ ಬಿದ್ದಿದ್ದು ನವೆಂಬರ್ 12ಕ್ಕ, 135 ದಿನ ತಡ. ನಮ್ಮಂಗ 206ನೇ ವಿಧಿಯ ಲೇಖಾನುದಾನ, ಅಂದ್ರ ಬಜೆಟ್ ಪಾಸ್ ಆಗೂ ತನಕ ಖರ್ಚಿಗಿ ಸದನ ಕೊಡೂ ತಾತ್ಕಾಲಿಕ ಒಪ್ಪಿಗಿ, ಅಲ್ಲಿಲ್ಲ. ನೌಕರರ ಪಗಾರ ನಡೀತು. ಆದ್ರ 67 ಕೌಂಟಿ, 500 ಶಾಲಾ ಜಿಲ್ಲಾಗಳಿಗಿ ಹೋಗೂ ರಾಜ್ಯದ ರೊಕ್ಕ ನಿಂತು, ಸಾಲ ಮಾಡಿದವರು ಬಡ್ಡಿ ಕಟ್ಟಿದ್ರು. ಖರ್ಚು ಇಳಸ್ತೀನಿ ಅನ್ನೂ ಸರ್ಕಾರಕ್ಕ ಆ ಬಡ್ಡಿನೂ ಲೆಕ್ಕಕ್ಕ ಹಿಡೀರಿ.

ಕಡೀಕ ಯಾರು ಏನು ಬಿಟ್ಟುಕೊಟ್ರು? ಇಂಗಾಲದ ಪ್ರತಿ ಟನ್‌ಗೆ ಸ್ಥಾವರದವರು ರೊಕ್ಕ ಕಟ್ಟೂ ರೆಗ್ಗಿ ಒಪ್ಪಂದದಿಂದ ರಾಜ್ಯ ಹೊರಗ ಬಂತು. ರಿಪಬ್ಲಿಕನ್ನರು ಬಹಳ ದಿನದಿಂದ ಕೇಳಿದ್ದು ಅದು. 2022ರಿಂದ ಅದು ಕೋರ್ಟಿನಾಗ ಸಿಕ್ಕಿ ಜಾರಿನೂ ಆಗಿರಲಿಲ್ಲ, ಅದನ್ನೂ ಟಿಪ್ಪಣಿಯೊಳಗ ಬರೀರಿ. ಬದಲಿಗಿ ದುಡಿಯೂ ಕುಟುಂಬಕ್ಕ ಹೊಸ ತೆರಿಗಿ ಕ್ರೆಡಿಟ್ ಬಂತು: ಕೇಂದ್ರದ ಕ್ರೆಡಿಟ್‌ನ ಶೇ 10, ಗರಿಷ್ಠ 805 ಡಾಲರ್, ಒಟ್ಟು ಸುಮಾರು 19.3 ಕೋಟಿ ಡಾಲರ್. ಕಟ್ಟೂ ತೆರಿಗಿ ಅದಕ್ಕಿಂತ ಕಡಿಮಿ ಇದ್ರ ಉಳಿದದ್ದು ಕೈಗಿ ಬರತೈತಿ. ಗೃಹಲಕ್ಷ್ಮಿಯ 2,000 ರೂಪಾಯಿ ಜೋಡಿ ಹೋಲಿಸೂದಾದ್ರ ಒಂದು ಫರಕ್ ಹೇಳ್ರಿ. ಅಲ್ಲಿ ದುಡಿಮಿ ಆದಾಯ ಇರಬೇಕು, ರಿಟರ್ನ್ ತುಂಬಬೇಕು. ದುಡಿಮಿ ಇಲ್ಲದವರಿಗಿ ಅದು ಮುಟ್ಟೂದಿಲ್ಲ.

ಮುನಿರಾಬಾದ್_ಎಡದಂಡೆ:

ಪಕ್ಷ ಮೀರಿ ಕೆಲಸ ಆಗಿದ್ದಕ್ಕೆ ಒಂದು ಜೋಡಿ ಉದಾಹರಣೆ ಸೇರಿಸಿ. 2023ರ ಜೂನ್ 11ಕ್ಕೆ ಫಿಲಡೆಲ್ಫಿಯಾದಲ್ಲಿ ಟ್ಯಾಂಕರ್ ಬೆಂಕಿಗೆ ಐ–95 ಹೆದ್ದಾರಿಯ ಸೇತುವೆ ಕುಸಿಯಿತು. 23ಕ್ಕೆ ವಾಹನ ಓಡಿದವು. ಸೇತುವೆ ಕಟ್ಟಲಿಲ್ಲ, ಹಳೆ ಬಾಟಲಿ ಕರಗಿಸಿ ಮಾಡಿದ ಹಗುರ ಗಾಜಿನ ಜಲ್ಲಿಯನ್ನು ಗುಂಡಿಗೆ ತುಂಬಿ ಮೇಲೆ ತಾತ್ಕಾಲಿಕ ರಸ್ತೆ ಹಾಸಿದರು. ಅದು ಅದೇ ರಾಜ್ಯದಲ್ಲಿ ಸಿಗುತ್ತಿತ್ತು. ತುರ್ತು ಘೋಷಣೆಯಿಂದ ಟೆಂಡರಿನ ಕಾಯುವಿಕೆ ತಪ್ಪಿತು, ಕೆಲಸ ಹಗಲು ರಾತ್ರಿ ನಡೆಯಿತು, ಕೇಂದ್ರದ ದುಡ್ಡು ಬಂತು.

ನಮ್ಮಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ಗೇಟಿನ ಅಳತೆ 60 ಅಡಿಗೆ 20 ಅಡಿ. 4 ಅಡಿ ಎತ್ತರದ ಐದು ತುಂಡುಗಳ ಸ್ಟಾಪ್‌ಲಾಗ್ (ತಾತ್ಕಾಲಿಕ ತಡೆಗೇಟು) ಮಾಡಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಸೇರಿದ ನೀರು, ಮೂರೂ ಸರ್ಕಾರಗಳು ಒಂದೇ ಪಕ್ಷದವಲ್ಲ. ಎರಡೂ ಕಡೆ ಮಾಡಬೇಕಾದ ಕೆಲಸ ಒಂದೇ ಒಂದು, ಜವಾಬ್ದಾರಿ ಯಾರದೆಂದು ಗೊತ್ತು, ಗುರಿ ಕಣ್ಣಿಗೆ ಕಾಣುತ್ತಿತ್ತು. ಬಜೆಟ್ ಜಗಳಕ್ಕೆ ಈ ಮೂರೂ ಇರುವುದಿಲ್ಲ. ಆದ್ದರಿಂದ ಐ–95 ತೋರಿಸಿ ಬಜೆಟ್ಟೂ ಹೀಗೇ ಆಗಬೇಕಿತ್ತು ಎಂದರೆ ತೀರ್ಪುಗಾರರು ಒಪ್ಪುವುದಿಲ್ಲ.

ಮಾನ್ವಿ_ಚರ್ಚಾಕೂಟ:

ಎಲ್ಲರಿಗೂ ಶರಣು. 'ದರ ಇಳಿಸಿದರು' ತೆಗೆದು 'ಏರಿಕೆಗೆ ಎರಡು ಹರಾಜಿನ ಮಟ್ಟಿಗೆ ಮಿತಿ' ಎಂದು ಬರೆದೆವು. 2 ಕಿಲೋವ್ಯಾಟ್ ಲೆಕ್ಕವನ್ನು ಕರಿಹಲಗೆಯ ಮೇಲೆ ಹಾಕುತ್ತೇವೆ. ಕೊನೆಯ ಸಂಶಯ: ಕಲ್ಯಾಣ ಕರ್ನಾಟಕಕ್ಕೆಂದೇ ಇರುವ ಸಂವಿಧಾನದ 371(ಜೆ) ವಿಧಿಯ ಅಡಿ ನಮ್ಮ ರಾಜ್ಯಪಾಲರಿಗೆ ವಿಶೇಷ ಹೊಣೆ ಇದೆಯಲ್ಲ, ಅದನ್ನು ಎತ್ತಬಹುದೇ?

ಕೊಪ್ಪಳ_ಕಾಯ್ದೆಪುಸ್ತಕ:

ಎತ್ತಬಹುದು, ಆದರೆ ಬೆಲೆಯ ವಿಷಯಕ್ಕೆ ಅಲ್ಲ. 98ನೇ ತಿದ್ದುಪಡಿಯ ಆ ವಿಧಿಯಲ್ಲಿ ಇರುವುದು ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು. ವಿದ್ಯುತ್ ದರ, ತೆರಿಗೆ, ಪಡಿತರ ಅದರೊಳಗೆ ಬರುವುದಿಲ್ಲ. ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದಿಡಬೇಕು ಎಂದು ವಿಧಿಯಲ್ಲೇ ಇದೆ. ಚರ್ಚೆಗೆ ಮೊದಲು ಆ ವರದಿಯ ಒಂದು ವರ್ಷದ ಪ್ರತಿ ತರಿಸಿ. ರಾಯಚೂರು ಜಿಲ್ಲೆಯ ಪುಟದಲ್ಲಿ ಮಂಜೂರಾದ ಮೊತ್ತ ಮತ್ತು ಖರ್ಚಾದ ಮೊತ್ತದ ಎರಡು ಕಾಲಂ ಮಾತ್ರ ನಕಲು ಮಾಡಿ ಟಿಪ್ಪಣಿಗೆ ಹಚ್ಚಿ.