ಬ್ರಹ್ಮತಾಲ್, ಜನವರಿ ಕೊನೆ: ಹಿಮ, ಕೆರೆ, ತ್ರಿಶೂಲ್ ಒಂದೇ ಚಿತ್ರದಲ್ಲಿ ಸಿಗುತ್ತವೆಯೇ?

ಕೋಥ್ರೂಡ್_ಕನ್ನಡಿಗ:
ನಮಸ್ಕಾರ. ನಾವಿಬ್ಬರು ಪುಣೆಯಿಂದ ಜನವರಿ ಕೊನೆಯ ವಾರ ಉತ್ತರಾಖಂಡದ ಬ್ರಹ್ಮತಾಲ್ ಕೆರೆಯ ಚಾರಣಕ್ಕೆ ಹೊರಟಿದ್ದೇವೆ. ಸಹ್ಯಾದ್ರಿಯ ಕೋಟೆಗಳು ರೂಢಿ ಇವೆ, ಹಿಮದ ಮೇಲೆ ನಡೆದಿಲ್ಲ. ಬೇಕಿರುವ ಚಿತ್ರ ಒಂದೇ: ಕೆರೆಯ ನೀರಲ್ಲಿ ಹಿಮಶಿಖರದ ಬಿಂಬ. ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಬೇಕು? ಮಿರರ್‌ಲೆಸ್ ಕ್ಯಾಮೆರಾ, 24-105 ಲೆನ್ಸ್, ಎರಡು ಬ್ಯಾಟರಿ ಇವೆ. ಅಭ್ಯಾಸಕ್ಕೆ ಸಿಂಹಗಡ ಸಾಕಾ?

ಮುಲುಂಡ್_ಕರಾವಳಿ:
ಆ ಬಿಂಬದ ಆಸೆ ಮೊದಲು ಬಿಡಿ ಮಾರಾಯ್ರೆ. ಜನವರಿ ಕೊನೆಗೆ ಕೆರೆ ಹೆಪ್ಪುಗಟ್ಟಿ ಮೇಲೆ ಹಿಮ ಕೂತಿರುತ್ತದೆ. ಯಾರಾದರೂ ಹೇಳದಿದ್ದರೆ ಅದು ಕೆರೆ ಅಂತಲೇ ತಿಳಿಯುವುದಿಲ್ಲ, ಬಿಳಿ ಬಯಲು ಅಷ್ಟೆ. ಬಿಂಬಕ್ಕೆ ತೆರೆದ ನೀರು ಬೇಕು, ಗಾಳಿ ಇರಬಾರದು. ಅದು ಚಳಿ ಬಲಿಯುವ ಮೊದಲಿನ ಅಥವಾ ಹಿಮ ಕರಗಿದ ಮೇಲಿನ ಮಾತು. ಆಗ ಕಾಲಡಿಯ ಹಿಮ ಕಮ್ಮಿ. ಎರಡೂ ಒಟ್ಟಿಗೆ ಕೇಳಿದರೆ ಸಿಗುವುದು ಅಪರೂಪ.

ಇನ್ನೊಂದು ವಿಷಯ, ಕೆರೆ ಇರುವುದು ತಗ್ಗಿನಲ್ಲಿ. ದಾರಿಯಲ್ಲಿ ಸಿಗುವ ಇನ್ನೊಂದು ಕೆರೆ ಬೆಕಲ್‌ತಾಲ್ ಅಂತೂ ಕಾಡಿನ ನಡುವೆ. ತ್ರಿಶೂಲ್ (7,120 ಮೀಟರ್), ನಂದಾ ಘುಂಟಿ (6,309 ಮೀಟರ್) ಎದುರಿಗೆ ಪೂರ್ತಿ ತೆರೆದುಕೊಳ್ಳುವುದು ಮೇಲಿನ ಏಣಿನಲ್ಲಿ, ಅಂದರೆ ಬೆಟ್ಟದ ಉದ್ದನೆಯ ನೆತ್ತಿಯಲ್ಲಿ. ನಿಮ್ಮ ಜಾಗ ಅದು. ಶಿಖರಗಳು ಈಶಾನ್ಯಕ್ಕಿವೆ, ಚಳಿಗಾಲದ ಸೂರ್ಯ ಮುಳುಗುವುದು ನೈಋತ್ಯದಲ್ಲಿ. ಹಾಗಾಗಿ ಸಂಜೆ ಬೆಳಕು ನಿಮ್ಮ ಬೆನ್ನ ಕಡೆಯಿಂದ ಹೋಗಿ ನೇರ ಶಿಖರದ ಮುಖಕ್ಕೆ ಬೀಳುತ್ತದೆ. ಸೂರ್ಯಾಸ್ತ ಆರಕ್ಕೆ ಸ್ವಲ್ಪ ಮೊದಲು. ನೀವು ನಿಂತ ಏಣು ನೆರಳಾದ ಮೇಲೂ ತುದಿಗಳು ಕೆಲವು ನಿಮಿಷ ಕೆಂಪಾಗಿಯೇ ಇರುತ್ತವೆ, ಬೇಗ ಚೀಲ ಕಟ್ಟಬೇಡಿ. ಆದರೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಹೆಚ್ಚು. ಬೆಳಗ್ಗೆ ಏಳರ ಸುಮಾರಿಗೆ ಬಿಸಿಲು ಬದಿಯಿಂದ ಬಂದು ಗಾಳಿ ಕೊರೆದ ಹಿಮದ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಒಂದೇ ಹೊತ್ತು ಆರಿಸಬೇಕಾದರೆ ನನ್ನ ಮತ ಬೆಳಗ್ಗೆಗೆ.

ಎಕ್ಸ್‌ಪೋಶರ್: ಎದುರಿಗಿರುವುದೆಲ್ಲ ನಡುಬೂದು ಅಂತ ಲೆಕ್ಕ ಹಾಕುವ ಕ್ಯಾಮೆರಾದ ಬೆಳಕಿನ ಮೀಟರ್ ಬಿಳಿ ಹಿಮವನ್ನೂ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ +1ರಿಂದ +1.7 ಕೊಡಿ, ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ನಕ್ಷೆ) ಬಲತುದಿಗೆ ತಾಗದಂತೆ ನೋಡಿ. ಪೂರ್ತಿ ಬಿಸಿಲಿಗೆ ಮ್ಯಾನುವಲ್‌ನಲ್ಲಿ ಐಎಸ್‌ಒ 100, ಎಫ್/8, 1/800ರಿಂದ ಶುರು ಮಾಡಬಹುದು. ನೆರಳಿನ ಹಿಮ ನೀಲಿಯಾಗಿ ಬಂದರೆ ತಿದ್ದಲು ಹೋಗಬೇಡಿ, ಅಲ್ಲಿ ಬೀಳುವುದು ಆಕಾಶದ ಬೆಳಕೇ. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಪೂರ್ತಿ ತಿರುಗಿಸಿದರೆ ಆ ಎತ್ತರದಲ್ಲಿ ಆಕಾಶ ಮಸಿಯಂತೆ ಕಪ್ಪಾಗುತ್ತದೆ.

ಬ್ಯಾಟರಿ ಮೂರಿರಲಿ. ಉಳಿದವು ಒಳ ಅಂಗಿಯ ಜೇಬಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಚಳಿಗೆ "ಖಾಲಿ" ಎಂದು ತೋರಿಸಿದ್ದು ಮೈ ಬಿಸಿಗೆ ಮತ್ತೆ ಸ್ವಲ್ಪ ಜೀವ ಹಿಡಿಯುತ್ತದೆ, ಎಸೆಯಬೇಡಿ.

ಬೆಳಗಾವಿ_ಟು_ಪುಣೆ:
ನೋಡ್ರಿ, ಸಿಂಹಗಡ ಕಾಲಿಗೆ ಸಾಕು, ಎತ್ತರಕ್ಕ ಸಾಲಂಗಿಲ್ಲ. ಕೋಟಿ ಬುಡದ ಆತಕರವಾಡಿಯಿಂದ ಮ್ಯಾಲ ಸುಮಾರು 600 ಮೀಟರ್ ಏರು. 7-8 ಕಿಲೋ ಚೀಲ ಹೊತ್ತು ಒಂದು ತಾಸಿನೊಳಗ ಏರ್ರಿ, ವಾರಕ್ಕ ಎರಡು ಸಲ, ಆರು ವಾರ. ಇಳಿಯೋದನ್ನೂ ಅಭ್ಯಾಸ ಮಾಡ್ರಿ, ಹಿಮದಾಗ ಮಂಡಿ ಹಿಡಿಯೋದು ಇಳಿಯೋವಾಗನ. ಆದ್ರ ನಮ್ಮ ಮಹಾರಾಷ್ಟ್ರದ ಎತ್ತರದ ಗುಡ್ಡ ಕಳಸೂಬಾಯಿನ 1,646 ಮೀಟರ್. ನೀವು ನಡಿಗಿ ಶುರು ಮಾಡೋ ಲೋಹಾಜಂಗ್ ಅದಕ್ಕಿಂತ ಎತ್ತರದಾಗ ಅದ, ಬ್ರಹ್ಮತಾಲ್ ತುದಿ ಸುಮಾರು 3,700. ತೆಳು ಗಾಳಿ ಇಲ್ಲಿ ರೂಢಿ ಆಗಂಗಿಲ್ಲ. ತಲಿನೋವು, ವಾಕರಿಕಿ ಬಂದ್ರ ಮುಚ್ಚಿಡಬ್ಯಾಡ್ರಿ. ನಡಿಗಿ ತೂರಾಡಿದ್ರ ರಾತ್ರಿ ಆದ್ರೂ ಕೆಳಗ ಇಳೀಬೇಕು.

ಮೈಕ್ರೋಸ್ಪೈಕ್ (ಬೂಟಿನ ಮ್ಯಾಲ ಹಾಕ್ಕೊಳ್ಳೋ ಕಬ್ಬಿಣದ ಮುಳ್ಳು) ಗಟ್ಟಿ ಹಿಮಕ್ಕ, ಮುಂಜಾನಿ ಜಾರೋ ದಾರಿಗೆ. ಬಿಸಿಲೇರಿ ಹಿಮ ಹಸಿ ಆದ ಮ್ಯಾಲ ಮುಳ್ಳಿನ ಸಂದಿಗೆ ಉಂಡಿ ಕಟ್ಟತದ, ಆಗ ಅದನ್ನ ಹಾಕ್ಕೊಂಡ ಹೆಚ್ಚು ಜಾರ್ತೀರಿ. ಕೋಲಿನಿಂದ ಬೂಟಿನ ಬದಿಗೆ ಬಡಿದು ಉದುರಿಸ್ರಿ, ಇಲ್ಲಾ ಬಿಚ್ಚಿಡ್ರಿ. ಇಳಿಯೋವಾಗ ಹಿಂಬಡ ಊರ್ರಿ. ಹತ್ತಿ ಬನಿಯನ್ ಮನಿಯಾಗ ಬಿಡ್ರಿ, ಬೆವರು ಕುಡಿದು ಒಣಗಂಗಿಲ್ಲ.

ನೀರಿನ ಬಾಟಲಿ ತಲಿಕೆಳಗ ಇಡ್ರಿ. ಮಂಜುಗಡ್ಡಿ ಮೊದಲು ಮ್ಯಾಲ ಕಟ್ಟತದ, ತಳ ಮ್ಯಾಲಿದ್ರ ಮುಚ್ಚಳ ಬಿಗಿಯಂಗಿಲ್ಲ. ನಳಿಕೆ ಇರೋ ನೀರಿನ ಚೀಲ ಅಲ್ಲಿ ಕೆಲಸಕ್ಕ ಬಾರದ್ದು.

ಕೋಥ್ರೂಡ್_ಕನ್ನಡಿಗ:
ಇಬ್ಬರಿಗೂ ಧನ್ಯವಾದ. ಬಿಂಬ ಬಿಟ್ಟೆ. ಹಾಗಾದರೆ ಹೆಪ್ಪುಗಟ್ಟಿದ ಕೆರೆಯ ನಡುವೆ ಒಬ್ಬರನ್ನು ನಿಲ್ಲಿಸಿ ತೆಗೆಯಬಹುದಾ?

ಮಡಗಾಂವ್_ಚಾರಣ:
ಬೇಡ. ಒಬ್ಬ ಮನುಷ್ಯನಿಗೆ ಸ್ವಚ್ಛ, ಗಟ್ಟಿ ಮಂಜುಗಡ್ಡೆ ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಹಿಮ ಬೆರೆತ ಬಿಳಿ ಗಡ್ಡೆಯ ಬಲ ಅದರ ಅರ್ಧ. ಮೇಲೆ ಹಿಮ ಕೂತಿದ್ದರೆ ದಪ್ಪ ಕಣ್ಣಿಗೆ ಕಾಣುವುದಿಲ್ಲ, ಸಾಲದ್ದಕ್ಕೆ ಆ ಹಿಮ ಕಂಬಳಿಯಂತೆ ಕೂತು ಗಡ್ಡೆ ದಪ್ಪವಾಗದಂತೆ ತಡೆಯುತ್ತದೆ. ತೊರೆ ಸೇರುವಲ್ಲಿ, ಬಂಡೆಗಳ ಸುತ್ತ ಅದು ಇನ್ನೂ ತೆಳು. ಒಬ್ಬರನ್ನು ದಡದಲ್ಲೇ ನಿಲ್ಲಿಸಿ, ನೀವು ಏಣಿನ ಮೇಲಿಂದ 105ರಲ್ಲಿ ತೆಗೆಯಿರಿ. ಮೇಲಿಂದ ನೋಡಿದಾಗಲೇ ಕೆರೆಯ ಅಂಚು ಎದ್ದು ಕಾಣುತ್ತದೆ, ಮನುಷ್ಯ ಚಿಕ್ಕದಾಗಿ ಬಂದು ಅಳತೆಯೂ ಸಿಗುತ್ತದೆ.

ಮೇಲೆ ಹೇಳದೇ ಉಳಿದದ್ದು ಒಂದು: ತಣ್ಣಗಿನ ಕ್ಯಾಮೆರಾವನ್ನು ನೇರ ಊಟದ ಟೆಂಟಿಗೆ ಒಯ್ಯಬೇಡಿ. ಎಸಿ ಕೋಣೆಯಿಂದ ಗೋವಾದ ಹೊರಗಾಳಿಗೆ ತಂದ ಲೆನ್ಸ್ ಹೇಗೆ ಮಬ್ಬಾಗುತ್ತದೋ ಅಲ್ಲೂ ಹಾಗೇ ಆಗುತ್ತದೆ, ತೇವ ಒಳಗೂ ಇಳಿಯಬಹುದು. ಹೊರಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿ, ಒಳಗೆ ಒಂದು ಗಂಟೆ ಬಿಟ್ಟು ತೆರೆಯಿರಿ. ಮೆಮೊರಿ ಕಾರ್ಡ್ ಮಾತ್ರ ಹೊರಗೇ ತೆಗೆದಿಟ್ಟುಕೊಳ್ಳಿ, ಚಿತ್ರ ನೋಡುವ ಆತುರಕ್ಕೆ ಚೀಲ ಬಿಚ್ಚುವುದೇ ಹೆಚ್ಚು.