ಮಗ ಜಪಾನಿಗೆ ಹೊರಟಿದ್ದಾನೆ, ಹೊಟ್ಟೆ ಕ್ಯಾನ್ಸರ್ ಭಯ

ಪ್ರಶ್ನೆ (ತೋರಣಗಲ್ಲಿನ ಒಬ್ಬ ತಾಯಿ):
ನಮಸ್ಕಾರ ಡಾಕ್ಟ್ರೇ. ಮಗನಿಗೆ 26 ವರ್ಷ. ಕಂಪನಿಯವರು ಎರಡು ವರ್ಷಕ್ಕೆ ಜಪಾನಿಗೆ ಕಳಿಸುತ್ತಿದ್ದಾರೆ. ಅಲ್ಲಿ ಹೊಟ್ಟೆ ಕ್ಯಾನ್ಸರ್ ಜಾಸ್ತಿ, ಏಷ್ಯಾದವರಿಗೇ ಜಾಸ್ತಿ ಅಂತ ಮೊಬೈಲಿನಲ್ಲಿ ಓದಿದೆ. ಅಲ್ಲಿನ ಊಟ ಮಾಡಿದರೆ ಇವನಿಗೂ ಬರುತ್ತಾ?

ಉತ್ತರ (ಬಳ್ಳಾರಿಯ ಗ್ಯಾಸ್ಟ್ರೋ ಡಾಕ್ಟರ್):
ಅಮ್ಮ, ಮೊದಲು ಈ 'ಏಷ್ಯಾದವರು' ಅನ್ನೋ ಮಾತು ಬಿಡಿ. ಜಪಾನ್, ಕೊರಿಯಾ, ಮಂಗೋಲಿಯಾದಲ್ಲಿ ಈ ಕಾಯಿಲೆ ಜಾಸ್ತಿ, ನಿಜ. ಭಾರತದಲ್ಲಿ ಒಟ್ಟಾರೆ ಬಹಳ ಕಡಿಮೆ. ನಮ್ಮಲ್ಲೂ ಒಂದೇ ಥರ ಇಲ್ಲ, ಮಿಜೋರಾಂನಲ್ಲಿ ತುಂಬಾ ಜಾಸ್ತಿ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಹಳೇ ಅಧ್ಯಯನ ಒಂದರಲ್ಲಿದೆ. ಜಪಾನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಸಾವಿನ ಲೆಕ್ಕವನ್ನು ಹೆನ್ಸೆಲ್, ಕುರಿಹಾರ ಎಂಬಿಬ್ಬರು 1968ರಲ್ಲಿ ಪ್ರಕಟಿಸಿದರು. ಹುಟ್ಟೂರು ಬಿಟ್ಟು ಹೋದವರಲ್ಲಿ ಹೊಟ್ಟೆ ಕ್ಯಾನ್ಸರ್ ಅಷ್ಟೇನೂ ಇಳಿದಿರಲಿಲ್ಲ. ಅಮೆರಿಕದಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಚೆನ್ನಾಗಿಯೇ ಇಳಿದಿತ್ತು. ರಕ್ತ ಅದೇ, ಬೆಳೆದ ಮನೆ ಬೇರೆ. ಅಂದರೆ ಬೀಜ ಬೀಳೋದು ಚಿಕ್ಕಂದಿನಲ್ಲಿ.

ಆ ಬೀಜದ ಹೆಸರು ಎಚ್ ಪೈಲೋರಿ. ಹೊಟ್ಟೆಯ ಒಳಪದರದಲ್ಲಿ ಕೂರುವ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಮನೆಯವರಿಂದಲೇ ಮಕ್ಕಳಿಗೆ ಅಂಟುತ್ತದೆ, ಔಷಧಿ ಕೊಡದಿದ್ದರೆ ಹತ್ತಾರು ವರ್ಷ ಅಲ್ಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ತಮಾಷೆ ಏನೆಂದರೆ, ಈ ಬ್ಯಾಕ್ಟೀರಿಯಾ ನಮ್ಮವರ ಹೊಟ್ಟೆಯಲ್ಲೂ ಧಾರಾಳವಾಗಿದೆ, ಕ್ಯಾನ್ಸರ್ ಮಾತ್ರ ಆ ಮಟ್ಟಕ್ಕಿಲ್ಲ. ಜಪಾನ್, ಕೊರಿಯಾ ಕಡೆಯ ಬ್ಯಾಕ್ಟೀರಿಯಾ ತಳಿ ಹೆಚ್ಚು ಅಪಾಯದ್ದು. ಜತೆಗೆ ಉಪ್ಪು ಹಾಕಿಟ್ಟ ಮೀನು, ಉಪ್ಪಲ್ಲಿ ನೆನೆಸಿದ ತರಕಾರಿ, ಸಿಗರೇಟು ಸೇರಿದರೆ ಇನ್ನೂ ಕಷ್ಟ.

26ಕ್ಕೆ ಹೋಗಿ ಎರಡು ವರ್ಷ ಮೀನು ತಿಂದವನಿಗೆ ಜಪಾನಿನವರ ಅಪಾಯ ಬಂದುಬಿಡೋದಿಲ್ಲ. ಸುಮ್ನೆ ಕಳಿಸಿ. ಸಿಗರೇಟು ಕಲಿಯಬೇಡ ಅಂತ ಮಾತ್ರ ಹೇಳಿ.

ಪ್ರಶ್ನೆ (ಕೊಪ್ಪಳದಿಂದ ಇನ್ನೊಬ್ಬರು):
ಸರ್, ಹಾಗಾದರೆ ಕೊರಿಯಾದಲ್ಲಿ ಎಲ್ಲರಿಗೂ ಹೊಟ್ಟೆಗೆ ಪೈಪ್ ಹಾಕಿ ನೋಡ್ತಾರಂತಲ್ಲ, ನಾವೂ ಮಾಡಿಸಬೇಕಾ?

ಉತ್ತರ:
ಅಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸರಕಾರವೇ ನೋಡಿಸುತ್ತದೆ. ಕಾಯಿಲೆ ಅಷ್ಟಿದೆ, ಅದಕ್ಕೆ. ನಮ್ಮಲ್ಲಿ ಎಲ್ಲರಿಗೂ ಬೇಕಿಲ್ಲ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ದರೆ ಕೇಳಿಕೊಂಡು ಮಾಡಿಸಿ. ನನಗೆ ಚಿಂತೆ ಬೇರೆ. ಸಂಜೆ ಒಗ್ಗರಣೆ ಮಿರ್ಚಿ ತಿಂದು ಎದೆ ಉರಿಯಿತು ಅಂತ ಮೆಡಿಕಲ್ ಶಾಪಿನಿಂದ ಗ್ಯಾಸಿನ ಗುಳಿಗೆ ತಂದು ವರ್ಷಗಟ್ಟಲೆ ನುಂಗುವವರನ್ನು ದಿನಾ ನೋಡುತ್ತೇನೆ. ಉರಿ ಅಡಗುತ್ತದೆ, ಒಳಗೆ ಏನಿದೆ ಅಂತ ಗೊತ್ತೇ ಆಗೋದಿಲ್ಲ.

ಮೊದಲಿನ ತಾಯಿ:
ಡಾಕ್ಟ್ರೇ, ಮಗನದ್ದು ಬಿಡಿ ಈಗ. ನಮ್ಮ ಮನೆಯವರು ಆ ಗುಳಿಗೆ ಎರಡು ವರ್ಷದಿಂದ ತಗೋತಿದ್ದಾರೆ. ಅರ್ಧ ರೊಟ್ಟಿಗೇ ಹೊಟ್ಟೆ ತುಂಬಿತು ಅಂತಾರೆ, ಪ್ಯಾಂಟು ಸಡಿಲ ಆಗಿದೆ. ವಯಸ್ಸು 58.

ಉತ್ತರ:
ಇದಕ್ಕೆ ಎಂಡೋಸ್ಕೋಪಿ, ಅಂದರೆ ಹೊಟ್ಟೆಗೆ ಪೈಪ್ ಹಾಕಿ ನೋಡುವ ಆ ಪರೀಕ್ಷೆ ಬೇಕು, ಈ ವಾರವೇ. ಕ್ಯಾನ್ಸರೇ ಅಂತಲ್ಲ, ಹುಣ್ಣೂ ಇರಬಹುದು. ರಾತ್ರಿ ಊಟದ ಮೇಲೆ ಏನೂ ತಿನ್ನದೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ನೋಡೋದಕ್ಕೆ ಹೆಚ್ಚು ಹೊತ್ತು ಹಿಡಿಯೋದಿಲ್ಲ. ನುಂಗುತ್ತಿರುವ ಗುಳಿಗೆಯ ಶೀಟು ತಗೊಂಡು ಹೋಗಿ. ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಗುತ್ತಾ ಕೇಳಿ. ಹೌದು ಅಂದರೆ ವಾರ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರಕೊಂಡು ಹೋಗಿ.